ಪ್ಯಾರಿಸ್ಸಿನಲ್ಲಿ ಹೊಳೆದ ಬುತ್ತಿಯ ಮುಚ್ಚಳ

ಬಳ್ಳಾರಿ

ಪ್ಯಾರಿಸ್ಸಿಗೆ ಹೋಗಿ ಬಂದವರು ಅತ್ತರಿನ ಬಾಟಲಿ ತರುತ್ತಾರೆ, ಐಫೆಲ್ ಟವರಿನ ಗೊಂಬೆ ತರುತ್ತಾರೆ. ನಾನು ಒಯ್ದದ್ದನ್ನೇ ವಾಪಸ್ ತಂದೆ: ಒಂದು ಸ್ಟೀಲ್ ಬುತ್ತಿ ಡಬ್ಬಿ, ಅದರ ಮುಚ್ಚಳ. ಪಕ್ಕದ ಮನೆಯವರು ಏನು ತಂದಿರಿ ಎಂದು ಕೇಳಿದಾಗ ಅದನ್ನೇ ತೋರಿಸುತ್ತೇನೆ. ವಿಮಾನದಲ್ಲಿ ಎತ್ತರಕ್ಕೆ ಹೋಗಿ ಇವಳ ತಲೆಗೆ ಏನೋ ಆಗಿದೆ ಎಂದುಕೊಂಡು ಅವರು ಕಾಫಿ ಕುಡಿದು ಹೋಗುತ್ತಾರೆ.

ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ತವರು ಕುರುಗೋಡು, ನಿವೃತ್ತಿಯ ನಂತರ ವಾಸ ಬಳ್ಳಾರಿ. ನಮ್ಮ ಮನೆಯವರಿಗೆ ಹಚ್ಚೊಳ್ಳಿಯಲ್ಲಿ ಭತ್ತದ ಗದ್ದೆ ಇದೆ. ಸಂಸಾರ ಬಳ್ಳಾರಿಗೆ ಬಂದರೂ ಅವರ ಜೀವ ಅಲ್ಲೇ ಕೆಸರಿನಲ್ಲಿದೆ. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ. ಈ ವಯಸ್ಸಿನಲ್ಲಿ ಅಚ್ಚಿನಲ್ಲಿ ಹೇಳಿ ಅವರನ್ನು ಗಾಬರಿ ಮಾಡುವುದೂ ಬೇಡ.

ಪ್ರತಿ ವರ್ಷ ಬೆಳಕಿನ ಪಾಠ ಬರುತ್ತಿತ್ತು. ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತಿತ್ತು. "ಟೀಚರ್, ಅದು ಹೋಗಿ ಬರೋದನ್ನ ನೀವು ನೋಡೀರೇನ್ರಿ?" ಇಲ್ಲ ಎನ್ನಲು ಮನಸ್ಸಿಲ್ಲ, ಹೌದು ಎನ್ನಲು ಬಾಯಿಲ್ಲ. ಆ ಪ್ರಶ್ನೆ ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ನನ್ನಲ್ಲಿ ಉಳಿದುಬಿಟ್ಟಿತ್ತು.

ವಿಜ್ಞಾನಿಗಳ ಹೆಸರಿಗೆ ಮಕ್ಕಳ ನಾಲಿಗೆ ಹೊರಳುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ನನ್ನದೂ ಇಲ್ಲ. ಹಾಗಾಗಿ ಅಡ್ಡಹೆಸರು ಇಟ್ಟುಕೊಂಡಿದ್ದೆವು. ಮೊದಲನೆಯವನು ಇಟಲಿಯ ಲಾಟೀನು ಅಜ್ಜ. ಎರಡು ಗುಡ್ಡಗಳ ಮೇಲೆ ಇಬ್ಬರು ಮುಚ್ಚಿದ ಲಾಟೀನು ಹಿಡಿದು ನಿಲ್ಲಬೇಕು. ಒಬ್ಬ ತೆರೆದದ್ದು ಕಂಡ ಕೂಡಲೇ ಇನ್ನೊಬ್ಬ ತೆರೆಯಬೇಕು. ನಡುವೆ ಎಷ್ಟು ಹೊತ್ತಾಯಿತು ಎಂದು ನೋಡಿದರೆ ಬೆಳಕಿನ ವೇಗ ಸಿಗುತ್ತದೆ ಎಂಬುದು ಅವನ ಉಪಾಯ. ಕುರುಗೋಡು ಗುಡ್ಡದ ಮೇಲೆ ನಾನು, ಬಳ್ಳಾರಿ ಗುಡ್ಡದ ಮೇಲೆ ನೀವು ಎಂದು ನಾನು ಪಾಠ ಮಾಡುತ್ತಿದ್ದೆ. ಪಾಪ, ಅಜ್ಜನಿಗೆ ಏನೂ ಸಿಗಲಿಲ್ಲ. ಆಚೆ ನಿಂತವನು ಕಣ್ಣಿನಿಂದ ಕಂಡು, ಮನಸ್ಸಿಗೆ ತಂದುಕೊಂಡು, ಕೈ ಎತ್ತುವಷ್ಟರಲ್ಲಿ ಬೆಳಕು ಎಷ್ಟೋ ಸಲ ಹೋಗಿ ಬಂದಿರುತ್ತದೆ. ಅಲ್ಲಿ ಅಳತೆಗೆ ಸಿಕ್ಕಿದ್ದು ಮನುಷ್ಯನ ನಿಧಾನ ಮಾತ್ರ.

ಇನ್ನೂರು ವರ್ಷದ ಮೇಲೆ ಬಂದವನು ನಮ್ಮ ಹಲ್ಲುಚಕ್ರದ ಸಾಹೇಬ, ಪ್ಯಾರಿಸ್ಸಿನವನು. ಅವನು ಆಚೆ ಗುಡ್ಡದ ಮನುಷ್ಯನನ್ನು ಕೆಲಸದಿಂದ ತೆಗೆದು ಅಲ್ಲಿ ಕನ್ನಡಿ ಇಟ್ಟ. ಕನ್ನಡಿಗೆ ಯೋಚನೆ ಇಲ್ಲ, ಆಕಳಿಕೆ ಇಲ್ಲ. ಈಚೆ ಕಡೆ ಏಳುನೂರ ಇಪ್ಪತ್ತು ಹಲ್ಲುಗಳ ಒಂದು ಚಕ್ರ. ಬೆಳಕು ಎರಡು ಹಲ್ಲಿನ ನಡುವಿನ ಸಂದಿಯಿಂದ ಹೋಗಿ, ಕನ್ನಡಿಗೆ ಬಡಿದು, ವಾಪಸ್ ಬರಬೇಕು. ಚಕ್ರವನ್ನು ಜೋರು ಮಾಡುತ್ತ ಹೋದರೆ ಒಂದು ಹಂತದಲ್ಲಿ, ಬೆಳಕು ಹಿಂದಿರುಗುವಷ್ಟರಲ್ಲಿ ಸಂದಿ ಸರಿದು ಹಲ್ಲು ಅಡ್ಡ ಬಂದು ಕತ್ತಲಾಗುತ್ತದೆ. ಚಕ್ರ ಎಷ್ಟು ಜೋರು ತಿರುಗಿತು ಎಂಬುದು ಗೊತ್ತು, ದಾರಿ ಎಷ್ಟು ಉದ್ದ ಎಂಬುದು ಗೊತ್ತು. ಬೆಳಕು ಸಿಕ್ಕಿಬಿತ್ತು. ಇಂದಿನ ಅಳತೆಗೂ ಅವನ ಅಳತೆಗೂ ಬಹಳ ಅಂತರವೇನಿಲ್ಲ.

ಆ ದಾರಿ ಪ್ಯಾರಿಸ್ಸಿನ ಪಕ್ಕದ ಸುರೆನ್ ಎಂಬ ಊರಿನಿಂದ ಮೋಮಾರ್ತ್ರ್ ಎಂಬ ದಿಬ್ಬದವರೆಗೆ, ಎಂಟೂವರೆ ಕಿಲೋಮೀಟರಿಗೆ ತುಸು ಹೆಚ್ಚು. ಬಳ್ಳಾರಿಯಿಂದ ಯುರೋಪಿಗೆ ಹೊರಟ ಗುಂಪೊಂದಕ್ಕೆ ಪ್ಯಾರಿಸ್ಸಿನಲ್ಲಿ ಎರಡು ದಿನ ಬಿಡುವು ಇದೆ ಎಂದು ತಿಳಿದ ದಿನವೇ ನಾನು ಹೆಸರು ಕೊಟ್ಟೆ. ಉಳಿದವರಿಗೆ ಆ ಎರಡು ದಿನ ಪೇಟೆ ಸುತ್ತಲು ಬೇಕಿತ್ತು. ನನಗೆ ಬೇಕಾಗಿದ್ದದ್ದು ಇಷ್ಟೇ: ಸುರೆನ್‌ನಲ್ಲಿ ನಿಂತು ಅದೇ ದಾರಿಯಲ್ಲಿ ಬೆಳಕು ಕಳಿಸಬೇಕು, ಅದು ತಿರುಗಿ ಬಂದದ್ದನ್ನು ನನ್ನ ಕಣ್ಣಿನಿಂದ ನೋಡಬೇಕು. ಆಚೆ ದಿಬ್ಬದ ಮೇಲೆ ಇಡಲು ಬೆಂಗಳೂರು ರಸ್ತೆಯ ಅಂಗಡಿಯಲ್ಲಿ ಒಳ್ಳೆಯ ಕನ್ನಡಿ ಕೊಂಡು, ಧೋತರದಲ್ಲಿ ಸುತ್ತಿ, ಸೀರೆಗಳ ನಡುವೆ ಕೂಸಿನಂತೆ ಮಲಗಿಸಿದೆ. ಚಕ್ರದ ಬದಲಿಗೆ ನನ್ನ ಬಾಚಣಿಗೆಯೇ ಸಾಕು ಎಂದುಕೊಂಡೆ. ವೇಗ ಸಿಗುವುದಿಲ್ಲ ಎಂದು ಗೊತ್ತು, ಆದರೂ ಹಲ್ಲಿನ ಸಂದಿಯಿಂದ ನೋಡಿದೆ ಎಂಬ ಸಮಾಧಾನ ಇರಬೇಕಲ್ಲ. ನಮ್ಮ ಮನೆಯವರು ಬೇರೆ ಕಾರಣಕ್ಕೆ ಒಪ್ಪಿದರು. ಏಪ್ರಿಲ್ ತಿಂಗಳಲ್ಲಿ ಬಿಸಿಲಿಲ್ಲದ ಊರು ಎಂಬುದು ಹೇಗಿರುತ್ತದೋ ಒಮ್ಮೆ ನೋಡಬೇಕು ಎಂಬುದು ಅವರ ಆಸೆ.

ಪ್ಯಾರಿಸ್, ಇಳಿದ ಸಂಜೆ

ಬಳ್ಳಾರಿಯವರಿಗೆ ಒಂದು ನಂಬಿಕೆಯಿದೆ. ಎದುರಿನವರಿಗೆ ಕನ್ನಡ ತಿಳಿಯದಿದ್ದರೆ ತೆಲುಗು ತಿಳಿದೇ ತಿಳಿಯುತ್ತದೆ. ಹೋಟೆಲಿನ ಹುಡುಗಿಗೆ ನಮ್ಮ ಮನೆಯವರು ಮೊದಲು ಕನ್ನಡದಲ್ಲಿ ಬಿಸಿನೀರು ಕೇಳಿದರು. ಅವಳು ಕಣ್ಣು ಬಿಟ್ಟಳು. ಆಗ ಇವರು ಧ್ವನಿ ಸ್ವಲ್ಪ ಏರಿಸಿ, ಸಮಾಧಾನವಾಗಿ, ತೆಲುಗಿನಲ್ಲಿ ಕೇಳಿದರು. ಅವಳು ನಕ್ಕು ಮಂಜುಗಡ್ಡೆ ತಂದುಕೊಟ್ಟಳು. ನೋಡು, ಪೂರ್ತಿ ಅಲ್ಲದಿದ್ದರೂ ಅರ್ಧ ತಿಳಿಯಿತು ಎಂದು ಇವರು ನನಗೆ ಹೇಳಿದರು.

ಕೋಣೆಗೆ ಹೋಗಿ ಪೆಟ್ಟಿಗೆ ತೆರೆದರೆ ಕನ್ನಡಿ ನೂರು ಚೂರು. ನಾನು ಮಂಚದ ಮೇಲೆ ಕುಸಿದು ಕೂತೆ. ಒಡೆದ ಕನ್ನಡಿ ಅಪಶಕುನ ಎಂಬ ಚಿಂತೆ ಇವರಿಗೆ, ನಾಳೆಯ ಪ್ರಯೋಗದ ಚಿಂತೆ ನನಗೆ. ಇವರು ಚೂರುಗಳನ್ನು ಒಂದೊಂದಾಗಿ ಕಾಗದದಲ್ಲಿ ಕಟ್ಟಿ ಎಸೆದು, ಕೈ ತೊಳೆದು, ಬುತ್ತಿಯ ಗಂಟು ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎರಡು ಸ್ಟೀಲ್ ಡಬ್ಬಿ. ಒಂದು ಮುಚ್ಚಳವನ್ನು ಪಂಚೆಯಿಂದ ಒರೆಸಿ ದೀಪಕ್ಕೆ ಹಿಡಿದರು. ನನ್ನ ಮುಖಕ್ಕೆ ಬೆಳಕು ಹೊಡೆಯಿತು.

"ಇದು ಸಾಲಂಗಿಲ್ಲೇನು? ಹೊಲದಾಗ ಇಷ್ಟ ದಿನ ಸಾಲೇತಿ" ಎಂದರು.

ಹಚ್ಚೊಳ್ಳಿಯ ಕಡೆ ಹೋಗದವರಿಗೆ ಇದನ್ನು ಹೇಳಬೇಕು. ಗದ್ದೆಗಳು ದೂರದವರೆಗೂ ಬಟಾಬಯಲು. ಬುತ್ತಿ ತಂದವಳು ಕಾಲುವೆಯ ದಂಡೆಯ ಮೇಲೆ ನಿಂತು ಡಬ್ಬಿಯ ಮುಚ್ಚಳವನ್ನು ಬಿಸಿಲಿಗೆ ಹಿಡಿದು ಹೊಳೆಸುತ್ತಾಳೆ. ಊಟ ಬಂತು ಎಂದು ಅದರ ಅರ್ಥ. ಆಚೆ ಕೆಸರಿನಲ್ಲಿ ಇರುವವರು ಕುಡುಗೋಲೋ ಕೈಗಡಿಯಾರವೋ, ಕೈಯಲ್ಲಿ ಏನಿದೆಯೋ ಅದನ್ನು ಒಮ್ಮೆ ಹೊಳೆಸಬೇಕು. ಕಂಡೆ, ಬಂದೆ ಎಂದು ಅದರ ಅರ್ಥ. ಉತ್ತರ ಬರುವವರೆಗೆ ಬುತ್ತಿ ಬಿಚ್ಚುವಂತಿಲ್ಲ. ಉತ್ತರ ಕೊಟ್ಟ ಮೇಲೆ ಅಲ್ಲೇ ನಿಂತು ಇನ್ನೊಂದು ಸಾಲು ನಾಟಿ ಮಾಡುತ್ತೇನೆ ಎನ್ನುವಂತಿಲ್ಲ. ಅನ್ನವನ್ನು ಕಾಯಿಸಬಾರದು. ಈಗ ಎಲ್ಲರ ಹತ್ತಿರ ಫೋನಿದೆ, ನಿಜ. ಆದರೆ ಕೆಸರಿಗೆ ಬಿದ್ದೀತೆಂದು ಇವರು ಅದನ್ನು ಮನೆಯಲ್ಲೇ ಇಟ್ಟು ಹೋಗುತ್ತಾರೆ. ಪ್ಯಾರಿಸ್ಸಿಗೆ ಬಂದಾಗಲೂ ಮನೆಯಲ್ಲೇ ಇಟ್ಟು ಬಂದಿದ್ದರು.

ಮೊದಲ ದಿನ, ಮೋಡ

ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ನಾವೇ ನಗುತ್ತೇವೆ. ಬಿಸಿಲನ್ನು ಬೈದು ಬೈದು ಬೆಳೆದವಳು ನಾನು. ಅಂಥವಳು ಆ ಬೆಳಿಗ್ಗೆ ಪರದೆ ಸರಿಸಿ ಬೂದಿ ಬಣ್ಣದ ಆಕಾಶ ನೋಡಿ ಸೂರ್ಯನಿಗೆ ಕೈಮುಗಿದೆ. ಅವನು ಬಳ್ಳಾರಿಯಲ್ಲೇ ಉಳಿದಿದ್ದ.

ಮುಚ್ಚಳ ಹೊಳೆಯದ ದಿನ ಬೇರೇನು ಮಾಡುವುದು ಎಂದು ನಕ್ಷತ್ರ ನೋಡುವ ಹಳೆಯ ವೀಕ್ಷಣಾಲಯದ ಗೇಟಿನವರೆಗೆ ಹೋದೆವು. ಅಲ್ಲಿ ನಮ್ಮ ಮೂರನೆಯ ಅಡ್ಡಹೆಸರಿನವನು ಕೆಲಸ ಮಾಡುತ್ತಿದ್ದ. ಡೆನ್ಮಾರ್ಕಿನಿಂದ ಬಂದ ಗುರುಗ್ರಹದ ಹುಡುಗ. ಲಾಟೀನು ಅಜ್ಜನಿಗೂ ಹಲ್ಲುಚಕ್ರದ ಸಾಹೇಬನಿಗೂ ನಡುವಿನ ಕಾಲದವನು. ಗುರುವಿನ ಒಂದು ಚಂದ್ರ ಗ್ರಹದ ನೆರಳಿಗೆ ಹೋಗಿ ಬರುವುದನ್ನು ಅಲ್ಲಿಯವರು ಲೆಕ್ಕ ಇಡುತ್ತಿದ್ದರು. ಭೂಮಿ ಗುರುವಿನಿಂದ ದೂರ ಸರಿದ ತಿಂಗಳುಗಳಲ್ಲಿ ಅದು ಹೇಳಿದ ಹೊತ್ತಿಗಿಂತ ತಡವಾಗುತ್ತಿತ್ತು. ಚಂದ್ರ ತಡ ಮಾಡುತ್ತಿಲ್ಲ, ಸುದ್ದಿ ತರುವ ಬೆಳಕು ದೂರದಿಂದ ಬರುತ್ತಿದೆ ಎಂದು ಈ ಹುಡುಗ ಹೇಳಿದ. ನಮ್ಮ ಮಕ್ಕಳಿಗೆ ಇದು ಬಹಳ ಬೇಗ ತಿಳಿಯುತ್ತಿತ್ತು. ಕಾಲುವೆಗೆ ನೀರು ಬಿಟ್ಟರೆ ಮೇಲಿನ ಗದ್ದೆಗೆ ಇವತ್ತೇ ಬರುತ್ತದೆ, ಕೊನೆಯ ಗದ್ದೆಗೆ ತಡವಾಗಿ ಬರುತ್ತದೆ. ಅದಕ್ಕೆ ಗೇಟು ಎರಡು ಸಲ ತೆರೆದರು ಎಂದು ಯಾರೂ ಹೇಳುವುದಿಲ್ಲ. ಈ ಊರಿನ ದೊಡ್ಡವರು ಮಾತ್ರ ಹುಡುಗನ ಮಾತನ್ನು ಬಹಳ ದಿನ ನಂಬಲಿಲ್ಲವಂತೆ. ಅವರಿಗೆ ಕಾಲುವೆಯ ಕೊನೆಯಲ್ಲಿ ಗದ್ದೆ ಇರಲಿಲ್ಲ, ಏನು ಮಾಡುವುದು.

ಮಧ್ಯಾಹ್ನ ದಾರಿ ನೋಡಿಕೊಳ್ಳಲು ಹೊರಟೆವು. ಮೊದಲು ಮೋಮಾರ್ತ್ರ್. ಅಲ್ಲೊಂದು ತೊಂದರೆ. ದಿಬ್ಬದ ಮೇಲೆ ಈಗ ಎಲ್ಲೆಲ್ಲೂ ಮನೆಗಳು, ಪಶ್ಚಿಮಕ್ಕೆ ಏನೂ ಕಾಣುವುದಿಲ್ಲ. ಮೇಲೊಂದು ಬಿಳಿ ಚರ್ಚು, ಅದರ ಗುಮ್ಮಟ ಹತ್ತಿದರೆ ಮಾತ್ರ ಸುರೆನ್ ಕಂಡೀತು. ಮೆಟ್ಟಿಲು ನೋಡಿ ನನ್ನ ಮೊಣಕಾಲು ಅಲ್ಲೇ ರಾಜೀನಾಮೆ ಕೊಟ್ಟಿತು. ಆದ್ದರಿಂದ ನಾಳೆ ಗುಮ್ಮಟಕ್ಕೆ ಇವರು, ಸುರೆನ್‌ಗೆ ನಾನು ಎಂದು ನಿಶ್ಚಯವಾಯಿತು. ಆಮೇಲೆ ಒಂದು ಮೆಟ್ರೊ, ಒಂದು ಟ್ರಾಮ್. ಟ್ರಾಮ್ ಹತ್ತುವ ಜಾಗದಲ್ಲಿ ಗಾಜಿನ ಕಟ್ಟಡಗಳು ಕುಡತಿನಿಯ ವಿದ್ಯುತ್ ಸ್ಥಾವರದ ಚಿಮಣಿಗಳಂತೆ ಗುಂಪಾಗಿ ನಿಂತಿದ್ದವು. ಗುಮ್ಮಟದಿಂದ ನೋಡಿದರೆ ಅವುಗಳ ಎಡಕ್ಕೆ ಕಾಣುವ ಹಸಿರು ಗುಡ್ಡವೇ ನಾನು ನಿಲ್ಲುವ ಜಾಗ ಎಂದು ಗುರುತು ಹೇಳಿಕೊಟ್ಟೆ. ನಾಳೆ ನಡುಮಧ್ಯಾಹ್ನದಿಂದ ಶುರು, ಸಂಜೆಯವರೆಗೆ ನಾನು ಎಷ್ಟು ಸಲ ಹೊಳೆಸುತ್ತೇನೋ ಅಷ್ಟು ಸಲ ನೀವೂ ಹೊಳೆಸಬೇಕು ಎಂದು ಪಾಠ ಒಪ್ಪಿಸಿಕೊಂಡೆ. ಇವರು ತಲೆಯಾಡಿಸಿದರು. ನನ್ನ ಹಿಂದಿನ ಬೆಂಚಿನ ಹುಡುಗರೂ ಹೀಗೇ ತಲೆಯಾಡಿಸುತ್ತಿದ್ದರು.

ಎರಡನೆಯ ದಿನ, ಸುರೆನ್

ಮರುದಿನವೂ ಮೋಡ. ಅದರ ಮಾರನೆಯ ಬೆಳಿಗ್ಗೆ ನಮ್ಮ ಬಸ್ಸು ಬೇರೆ ದೇಶಕ್ಕೆ ಹೊರಡುತ್ತಿತ್ತು, ಇನ್ನೊಂದು ದಿನ ಇರಲಿಲ್ಲ. ಒಂದು ಮುಚ್ಚಳವನ್ನು ಇವರ ಕೈಗೆ ಕೊಟ್ಟು, ಗುಮ್ಮಟದ ಬಾಗಿಲಲ್ಲಿ ಬಿಟ್ಟು, ನಾನು ಬುತ್ತಿ ಹಿಡಿದು ಸುರೆನ್ ದಿಬ್ಬ ಏರಿದೆ. ಮೇಲೆ ಕಟ್ಟೆಯಂಥ ಒಂದು ಜಾಗ, ಬೆಂಚುಗಳು. ಕೆಳಗೆ ನದಿ, ನದಿಯಾಚೆ ಕಾಡು, ಕಾಡಿನಾಚೆ ಇಡೀ ಪ್ಯಾರಿಸ್. ಬಲಕ್ಕೆ ಕಬ್ಬಿಣದ ಗೋಪುರ, ಎಡಕ್ಕೆ ದೂರದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಬಿಳಿ ಗುಮ್ಮಟ. ಅದರೊಳಗೆ ಎಲ್ಲೋ ನಮ್ಮ ಮನೆಯವರು.

ಬೆಂಚಿನ ಮೇಲೆ ನನಗಿಂತ ಹಿರಿಯ ಹೆಂಗಸೊಬ್ಬರು ಬೆಕ್ಕಿನಷ್ಟೇ ಇರುವ ನಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಈ ಊರಿನಲ್ಲಿ ಮೊದಲು ನಮಸ್ಕಾರ ಹೇಳದೆ ಮಾತಾಡಿದರೆ ಯಾರೂ ತಿರುಗಿಯೂ ನೋಡುವುದಿಲ್ಲ. ಆ ಪಾಠ ಕಲಿತಿದ್ದೆ, ಹೇಳಿದೆ. ನನ್ನ ಕೈಯ ಮುಚ್ಚಳ ನೋಡಿ ಅವರು ಏನೋ ಕೇಳಿದರು. ಫೋನಿನಲ್ಲಿ ಭಾಷೆ ತಿರುಗಿಸಿ ತೋರಿಸಿದೆ: ನನ್ನ ಗಂಡ ಅಲ್ಲಿ ಆ ಚರ್ಚಿನ ಮೇಲೆ ಇದ್ದಾರೆ, ಅಲ್ಲಿಂದ ನನಗೆ ಬೆಳಕು ಕಳಿಸುತ್ತಾರೆ, ನಾನು ಕಾಯುತ್ತಿದ್ದೇನೆ. ಅವರು ಓದಿದರು. ಚರ್ಚನ್ನು ನೋಡಿದರು, ನನ್ನನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು. ನನ್ನ ಕೈ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿದರು. ಅವರು ನನ್ನನ್ನು ವಿಧವೆ ಎಂದುಕೊಂಡಿದ್ದಾರೆ ಎಂದು ನನಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಕುಂಕುಮ ತೋರಿಸಿದೆ, ತಾಳಿ ತೋರಿಸಿದೆ. ಅವರು ಇನ್ನೂ ಹೆಚ್ಚು ಮರುಗಿದರು.

ನಡುಮಧ್ಯಾಹ್ನ ದಾಟಿತು. ಮೋಡ ಹಾಗೇ ಇತ್ತು. ಮೂವತ್ತು ವರ್ಷ ಕಲಿಸಿದ ಪಾಠಕ್ಕೆ ಒಂದು ಮೋಡ ಅಡ್ಡ ನಿಂತಿತಲ್ಲ ಎಂದು ನನಗೆ ಅಳುವೇ ಬಂತು. ಗುಮ್ಮಟದ ಮೇಲೆ ಆ ಮನುಷ್ಯ ಹಸಿದುಕೊಂಡು ಗಾಳಿಗೆ ನಿಂತಿರುತ್ತಾರೆ ಎಂಬ ಸಂಕಟ ಬೇರೆ.

ಆಮೇಲೆ ಬಿಸಿಲು ಬಂತು. ಮೊದಲು ನದಿಯ ಮೇಲೆ, ಆಮೇಲೆ ನನ್ನ ಕೈ ಮೇಲೆ. ದಿಬ್ಬದ ಮೇಲಿದ್ದವರೆಲ್ಲ ಕೋಟು ಬಿಚ್ಚಿ, ಕಣ್ಣು ಮುಚ್ಚಿ, ಆಕಾಶಕ್ಕೆ ಮುಖ ಮಾಡಿ ಮಲಗಿಬಿಟ್ಟರು, ನಮ್ಮಲ್ಲಿ ಮೆಣಸಿನಕಾಯಿ ಒಣಹಾಕಿದ ಹಾಗೆ. ನಾನೊಬ್ಬಳೇ ಎದ್ದು ನಿಂತವಳು. ಮುಚ್ಚಳವನ್ನು ಬಿಸಿಲಿಗೆ ಹಿಡಿದು, ಕಾಲುವೆ ದಂಡೆಯ ಮೇಲೆ ಹಿಡಿದಂತೆಯೇ, ಗುಮ್ಮಟದ ಕಡೆ ಮೂರು ಸಲ ಹೊಳೆಸಿದೆ.

ಏನೂ ಇಲ್ಲ. ಕಣ್ಣು ಉರಿದು ನೀರು ಬಂತು. ಇನ್ನೊಮ್ಮೆ ಹೊಳೆಸಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಆ ಹಿರಿಯರು ನನ್ನ ಮೊಣಕೈ ಹಿಡಿದು ಜಗ್ಗಿದರು. ನೋಡಿದೆ. ಗುಮ್ಮಟದ ಕೆಳಗೆ, ಸೂಜಿಯ ಮೊನೆಯಷ್ಟು, ಹಗಲಿನಲ್ಲಿ ಹುಟ್ಟಿದ ಒಂದು ನಕ್ಷತ್ರ. ಮಿನುಗಿತು, ಆರಿತು. ಸಂಜೆ ಮನೆಯಲ್ಲಿ ದೀಪ ಹಚ್ಚಿದಾಗ ಕೈ ಹೇಗೆ ತಾನಾಗಿ ಮುಗಿಯುತ್ತದೋ ಹಾಗೆ ಮುಚ್ಚಳದ ಸಮೇತ ಕೈಮುಗಿದೆ. ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಇಬ್ಬರೂ ಅತ್ತೆವು, ಬೇರೆ ಬೇರೆ ಕಾರಣಕ್ಕೆ.

ನಾನು ನೋಡಿದ್ದೆ. ಹೋದದ್ದನ್ನೂ ಬಂದದ್ದನ್ನೂ ನೋಡಿದ್ದೆ.

ಬಾಚಣಿಗೆ ತೆಗೆದು ಕಣ್ಣಿಗೆ ಅಡ್ಡ ಹಿಡಿದು ಮತ್ತೆ ಹೊಳೆಸಿದೆ. ಉತ್ತರವಿಲ್ಲ. ಹತ್ತಾರು ಸಲ ಹೊಳೆಸಿದೆ. ಗುಮ್ಮಟ ಸುಮ್ಮನೆ ಬೆಳ್ಳಗೆ ಕೂತಿತ್ತು. ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ. ಹೊಳೆಯುವ ವಸ್ತು ಹಿಡಿದವನೆಂದು ಕಾವಲಿನವರು ಹಿಡಿದರೇ? ಮೆಟ್ಟಿಲಲ್ಲಿ ಜಾರಿದರೇ? ಅವರ ಹತ್ತಿರ ಫೋನಿಲ್ಲ. ತೆ‌ಲುಗಿನಲ್ಲಿ ಏನು ವಾದ ಮಾಡುತ್ತಿದ್ದಾರೋ. ಇಲ್ಲಿಂದ ಹೊರಟರೆ ದಾರಿಯಲ್ಲಿ ತಪ್ಪಿಹೋಗುತ್ತೇವೆ, ಕೂತರೆ ಜೀವ ನಿಲ್ಲದು. ಬೆಳಕು ಹಾಳಾಗಿ ಹೋಗಲಿ, ಅವರೊಬ್ಬರು ಸಿಕ್ಕರೆ ಸಾಕು ಎನಿಸಿತು. ಬುತ್ತಿ ಹಾಗೇ ಕಟ್ಟಿಟ್ಟಿತ್ತು.

ಒಂದೂವರೆ ಗಂಟೆಯಾದರೂ ಆಗಿರಬೇಕು. ದಿಬ್ಬದ ಏರಿನಲ್ಲಿ ಬಿಳಿ ಅಂಗಿಯೊಂದು ಕಂಡಿತು. ಈ ಊರಿನವರು ಉದ್ದನೆಯ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತಾರಲ್ಲ, ಹಾಗೇ ಮುಚ್ಚಳವನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆವರು ಸುರಿಸುತ್ತ, ನಮ್ಮ ಮನೆಯವರು ಬಂದರು. ಇವರೇ ನನ್ನ ಗಂಡ ಎಂದು ನಾನು ಕೈಸನ್ನೆ ಮಾಡಿದಾಗ ಆ ಹಿರಿಯರ ಮಡಿಲಿನಿಂದ ನಾಯಿ ಕೆಳಗೆ ಬಿತ್ತು.

"ಯಾಕ ಬಂದ್ರಿ? ಸಂಜಿತನ ಅಲ್ಲೇ ಇರ್ರಿ ಅಂದಿದ್ದಿಲ್ಲೇನು?" ಎಂದೆ. ಹೆದರಿದ್ದೆಲ್ಲ ಸಿಟ್ಟಾಗಿ ಹೊರಬಂತು.

"ಅಂದಿದ್ದಿ ಖರೆ. ಆದ್ರ ನೀ ಮುಚ್ಚಳ ತೋರಿಸಿದಿ. ನಾ ಕಂಡೆ ಅಂತ ತೋರಿಸಿದೆ. ತೋರಿಸಿದ ಮ್ಯಾಲ ಅಲ್ಲಿ ಹ್ಯಾಂಗ ನಿಂದ್ರಲಿ? ನೀ ಬುತ್ತಿ ಬಿಚ್ಚದ ಕುಂತಿರ್ತಿ."

ಗುಮ್ಮಟದ ಮೇಲೆ ಅವರು ಹಿಂದಿನ ದಿನದ ಪಾಠವನ್ನು ನೆನಪಿಟ್ಟುಕೊಂಡೇ ನಿಂತಿದ್ದರಂತೆ. ಹೊಳೆದದ್ದು ಕಂಡ ಕೂಡಲೇ ಪಾಠ ಮರೆತು ಕಾಲು ಮೆಟ್ಟಿಲ ಕಡೆ ನಡೆಯಿತಂತೆ. ಕೆಳಗಿಳಿದ ಮೇಲೆ ನೆನಪಾಯಿತು, ಆದರೆ ಮತ್ತೆ ಹತ್ತಿದರೆ ಊಟ ತಡವಾಗುತ್ತದೆ ಎಂದು ಮೆಟ್ರೊ ಹಿಡಿದರಂತೆ. ದಾರಿಯಲ್ಲಿ ಎರಡು ಕಡೆ ತೆಲುಗಿನಲ್ಲಿ ವಿಚಾರಿಸಿದರಂತೆ, ಒಳ್ಳೆಯ ಜನ, ಕೈ ಹಿಡಿದು ಟ್ರಾಮ್ ಹತ್ತಿಸಿದರಂತೆ.

ಬುತ್ತಿ ಬಿಚ್ಚಿದೆ. ಆ ಹಿರಿಯರಿಗೂ ಅರ್ಧ ರೊಟ್ಟಿ ಕೊಟ್ಟೆ. ರೊಟ್ಟಿ ಮುರಿದ ಸದ್ದಿಗೆ ಅವರು ನಕ್ಕರು, ಚಟ್ನಿಪುಡಿ ನಾಲಿಗೆಗೆ ತಾಗಿದಾಗ ನಗು ನಿಂತಿತು. ಇವರು ಎರಡನೆಯ ರೊಟ್ಟಿಗೆ ಕೈಹಾಕುತ್ತ ನನ್ನ ಮುಖ ನೋಡಿದರು. ನನ್ನ ಬಾಚಣಿಗೆ ಇನ್ನೂ ಬೆಂಚಿನ ಮೇಲಿತ್ತು.

"ಉಂಡು ಮತ್ತ ಹೋಗ್ತೀನಿ ಬಿಡು. ಹೊತ್ತು ಮುಳುಗೋತನ ತೋರಸ್ತೀನಿ" ಎಂದರು.

"ಬ್ಯಾಡ್ರಿ. ಕೂಡ್ರಿ" ಎಂದೆ.

ಮತ್ತೆ ಸಿರುಗುಪ್ಪ

ಊರಿಗೆ ಬಂದ ಮೇಲೆ ಹಳೆಯ ಶಾಲೆಯವರು ಮಾತಾಡಲು ಕರೆದರು. ಎಲ್ಲ ಹೇಳಿದೆ. ಸುರೆನ್‌ನಿಂದ ಮೋಮಾರ್ತ್ರ್‌ಗೆ ಹೋಗಿ ಬರಲು ಬೆಳಕಿಗೆ ಸೆಕೆಂಡನ್ನು ಹದಿನೇಳು ಸಾವಿರ ಚೂರು ಮಾಡಿದರೆ ಅದರಲ್ಲಿ ಒಂದು ಚೂರು ಸಾಕು ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಒಂದು ಹುಡುಗಿಯ ಕೈ ಮೇಲೆದ್ದಿತು. ಹಲ್ಲುಚಕ್ರದ ಸಾಹೇಬ ಮನುಷ್ಯನನ್ನು ತೆಗೆದು ಕನ್ನಡಿ ಇಟ್ಟಿದ್ದ, ನೀವು ಕನ್ನಡಿ ಒಡೆದು ಮನುಷ್ಯನನ್ನೇ ನಿಲ್ಲಿಸಿದಿರಿ, ಹಾಗಾದರೆ ನಿಮ್ಮ ಪ್ರಯೋಗ ಲಾಟೀನು ಅಜ್ಜನ ಪ್ರಯೋಗದಂತೆ ಕೆಟ್ಟಿತಲ್ಲ ಎಂದು ಕೇಳಿದಳು. ಜಾಣೆ. ಅಂಥ ಪ್ರಶ್ನೆಗಾಗಿಯೇ ನಾನು ಇಷ್ಟು ವರ್ಷ ಕಲಿಸಿದ್ದು.

"ಕೆಟ್ಟಿತವ್ವ" ಎಂದೆ. "ಕನ್ನಡಿ ಇಟ್ಟಿದ್ರ ಬೆಳಕು ಅಷ್ಟ ತಿರುಗಿ ಬರ್ತಿತ್ತು. ಉಣ್ಣಾಕ ಯಾರೂ ಬರ್ತಿದ್ದಿಲ್ಲ."